ಪಂಚಾಂಗ ನೋಡಿ ಹೂಡುವ ಬಲೆ

ಮುಂಬಯಿಯ ಕೋಲಿ ಮೀನುಗಾರರ ಮನೆಯಲ್ಲಿ ಗೋಡೆಯ ಪಂಚಾಂಗಕ್ಕೆ ಎರಡು ಕೆಲಸ. ಹಬ್ಬ, ಉಪವಾಸ ಯಾವಾಗ ಎಂದು ತಿಳಿಸುವ ಪುಟವೇ ಕಡಲು ಎಷ್ಟು ಹೊತ್ತಿಗೆ ತುಂಬುತ್ತದೆ ಎಂದೂ ತಿಳಿಸುತ್ತದೆ. ಕೊಂಕಣ ಕರಾವಳಿಯ ಹಳೆಯ ಲೆಕ್ಕ ಸರಳ: ತಿಥಿಯ ಮುಕ್ಕಾಲು ಪಾಲು ತೆಗೆದರೆ ಭರತದ ಗಂಟೆ ಸಿಗುತ್ತದೆ. ಚೌತಿಯಾದರೆ ನಾಲ್ಕರ ಮುಕ್ಕಾಲು 3. ಶುಕ್ಲವಿರಲಿ ಕೃಷ್ಣವಿರಲಿ, ಅಂದು ಹಗಲೂ ಇರುಳೂ ಸುಮಾರು 3 ಗಂಟೆಗೆ ನೀರು ಏರಿರುತ್ತದೆ. ಅಷ್ಟಮಿಗೆ 6. ಚಂದ್ರ ದಿನದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ತಡಮಾಡುತ್ತಾನೆ, ಭರತವೂ ಅವನ ಹಿಂದೆಯೇ ತಡವಾಗುತ್ತದೆ.

ಈ ಲೆಕ್ಕ ಇಷ್ಟು ಮುಖ್ಯವಾದದ್ದು ಡೋಲ್ ಬಲೆಯಿಂದಾಗಿ. ಕಾಫಿ ಸೋಸುವ ಬಟ್ಟೆಯ ಚೀಲದಂತೆ ಬಾಯಿ ಅಗಲ, ಬಾಲ ಕಿರಿದು. ಬಾಯಿಯ ಬಳಿ ಕಣ್ಣು ದೊಡ್ಡದು, ತುದಿಗೆ ಬರುಬರುತ್ತ ಬೆರಳೂ ತೂರದಷ್ಟು ಸಣ್ಣದು. ಕೆಸರಿನ ತಳದಲ್ಲಿ ಆಳವಾಗಿ ನೆಟ್ಟ ಗೂಟಕ್ಕೆ ಹಗ್ಗ ಬಿಗಿದು ಬಲೆಯನ್ನು ಹರಿವಿಗೆ ಎದುರಾಗಿ ಒಡ್ಡುತ್ತಾರೆ. ಆಮೇಲಿನ ಕೆಲಸವೆಲ್ಲ ನೀರಿನದು. ಹರಿವು ಬಲೆಯನ್ನು ಉಬ್ಬಿಸುತ್ತದೆ. ಬೊಂಬಿಲ್, ಮಾಂದೇಲಿ, ಜವಳಾ ಎಂಬ ಪುಡಿ ಸಿಗಡಿ, ಎಲ್ಲವೂ ನೀರಿನ ಜೊತೆ ಬಂದು ತುದಿಯಲ್ಲಿ ಸೇರುತ್ತವೆ. ಭರತಕ್ಕೂ ಇಳಿತಕ್ಕೂ ನಡುವೆ ನೀರು ಸ್ವಲ್ಪ ಹೊತ್ತು ನಿಲ್ಲುತ್ತದಲ್ಲ, ಬಲೆ ಸಡಿಲವಾಗುವ ಆ ಹೊತ್ತಿನಲ್ಲೇ ಎತ್ತಬೇಕು. ಬಾಲದ ಕಟ್ಟು ಬಿಚ್ಚಿ ಮೀನು ಸುರಿದುಕೊಂಡು, ಮತ್ತೆ ಕಟ್ಟಿ, ತಿರುಗಿದ ಹರಿವಿಗೆ ಒಡ್ಡಬೇಕು. ತಡವಾದರೆ ಹರಿವಿನ ಎದುರು ಯಾರ ತೋಳೂ ಸಾಲದು.

ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸು ಹರಿವು ಜೋರು, ಮೀನೂ ಹೆಚ್ಚು. ಅದಕ್ಕೆ ಉಧಾಣ ಎನ್ನುತ್ತಾರೆ. ಅಷ್ಟಮಿಯ ಸುತ್ತ ಭಾಂಗ, ನೀರು ಮಂದ. ಆ ದಿನಗಳು ಹರಿದ ಕಣ್ಣು ಹೆಣೆಯುವುದಕ್ಕೆ.

ನಮ್ಮ ಕರಾವಳಿಯ ರಂಪಣಿಯಲ್ಲಿ ಹತ್ತಾರು ಜನ ಸೇರಿ ಬಲೆಯನ್ನು ದಡಕ್ಕೆ ಎಳೆಯುತ್ತಾರೆ. ಅಲ್ಲಿ ಏರಿಳಿತ ಕಡಿಮೆ. ಮುಂಬಯಿಯಲ್ಲಿ ಉಧಾಣದ ದಿನ ನೀರು 4 ಮೀಟರಿಗೂ ಮೀರಿ ಏರಿಳಿಯುತ್ತದೆ. ಆ ಬಲವನ್ನೇ ದುಡಿಸಿಕೊಳ್ಳುವ ಡೋಲ್ ಮೀನನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಬರುವುದನ್ನು ಬರುವ ಹೊತ್ತಿಗೆ ಸ್ವೀಕರಿಸುವ ವಿದ್ಯೆ ಇದು. ಕೋಲಿಗಳ ಭಕ್ತಿಯ ಬೇರು ನನಗೆ ಕಾಣುವುದು ಇಲ್ಲಿಯೇ. ಕಾರ್ಲಾ ಬೆಟ್ಟದ ಏಕವೀರಾ ಆಯಿ, ವರ್ಲಿಯ ಗೋಲ್ಫಾದೇವಿ, ಊರಿಗೇ ಹೆಸರು ಕೊಟ್ಟ ಮುಂಬಾದೇವಿ, ಎಲ್ಲರಿಗೂ ಅವರು ನಡೆದುಕೊಳ್ಳುತ್ತಾರೆ. ಆದರೆ ದಿನಾ ನಾಲ್ಕು ಬಾರಿ ನೀರು ನಿಲ್ಲುವ ಗಳಿಗೆಗೆ ಮೈಯೆಲ್ಲ ಎಚ್ಚರವಾಗಿ ಕಾಯುವುದೂ ಪೂಜೆಗಿಂತ ಕಡಿಮೆಯದಲ್ಲ.

ಮಳೆಗಾಲದಲ್ಲಿ ಮೀನು ಮೊಟ್ಟೆಯಿಡುವ ಹೊತ್ತು ಕಡಲಿಗೆ ಬಿಡುವು. ಸರ್ಕಾರದ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. ಕೋಲಿಗಳ ಕೇರಿಯಾದ ಕೋಲಿವಾಡದ ಕಟ್ಟಳೆಯಲ್ಲಿ ಶ್ರಾವಣದ ನಾರಳಿ ಪೂರ್ಣಿಮೆಯವರೆಗೆ. ಅಂದು ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿ ಇಳಿಯಬೇಕು. ಮಲ್ಪೆಯಲ್ಲೂ ಮೊಗವೀರರು ಅದೇ ಹುಣ್ಣಿಮೆಗೆ ಹಾಲು, ಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುತ್ತಾರೆ. 1902ರಲ್ಲೇ ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡ ನಮ್ಮವರಿಗೆ ಕೋಲಿಗಳ ಹಬ್ಬ ಪರಕೀಯವೆನಿಸಲು ಸಾಧ್ಯವಿರಲಿಲ್ಲ.

ಹರಿವಿನ ಈ ತಿಳಿವಳಿಕೆ ಇತ್ತೀಚೆಗೆ ಇಂಜಿನಿಯರುಗಳ ಮೇಜಿಗೂ ಹೋಯಿತು. ವರ್ಲಿಯಲ್ಲಿ ಕರಾವಳಿ ರಸ್ತೆಯ ಸೇತುವೆಗೆ ಕಂಬಗಳ ನಡುವೆ 60 ಮೀಟರ್ ಅಂತರವಿಟ್ಟಿದ್ದರು. ಅಷ್ಟರಲ್ಲಿ ದೋಣಿ ಸುರಕ್ಷಿತವಾಗಿ ದಾಟಲಾರದೆಂದು ಕೋಲಿಗಳು ಪಟ್ಟು ಹಿಡಿದರು. ಕೊನೆಗೆ ಅಂತರ 120 ಮೀಟರ್ ಆಯಿತು. ಅವರು ಕೇಳಿದ್ದು ಅದಕ್ಕಿಂತಲೂ ಹೆಚ್ಚು.