‘ಬಿಡಿ ಸರ್’ ಅನ್ನಬಾರದು

ಚಿತ್ರದುರ್ಗದ ಕೋಟೆಗೆ ಬಂದವರು ಓಬವ್ವನ ಕಿಂಡಿಯಲ್ಲಿ ಒಮ್ಮೆ ನುಸುಳದೆ ಹಿಂದಿರುಗುವುದಿಲ್ಲ. ನಾನೂ ನುಸುಳಿದೆ, ಅಂಗಿಯ ಬೆನ್ನೆಲ್ಲ ಧೂಳು. ಗಂಡ ಊಟಕ್ಕೆ ಕೂತಿದ್ದಾಗ ನೀರಿಗೆಂದು ಬಂದ ಓಬವ್ವ, ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತಲೆ ತೂರಿಸುವುದನ್ನು ಕಂಡು ಒನಕೆ ಎತ್ತಿದ ಕಥೆ ಊರಿನ ಮಕ್ಕಳಿಗೆಲ್ಲ ಬಾಯಿಪಾಠ. ಈ ಊರಲ್ಲಿ ಕ್ರೀಡಾಂಗಣಕ್ಕೂ ಅವಳದೇ ಹೆಸರು.

ಕೋಟೆ ಇಳಿದು ಆಟೋ ಹಿಡಿದು ಊರಂಚಿನ ಸರ್ಕಾರಿ ಪ್ರೌಢಶಾಲೆ ಮುಟ್ಟಿದಾಗ ಮೂರೂಮುಕ್ಕಾಲು. ಮೈದಾನದಲ್ಲಿ ಬಲೆಯಿಲ್ಲದ ವಾಲಿಬಾಲ್ ಕಂಬಗಳು, ಬಿಸಿಯೂಟದ ತಟ್ಟೆ ತೊಳೆಯುವ ನಲ್ಲಿಗಳು, ಕಾಂಪೌಂಡಿನ ಮೇಲೆ ದಪ್ಪಕ್ಷರದಲ್ಲಿ ಮಕ್ಕಳ ಸಹಾಯವಾಣಿ 1098. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಸೋಮಾರಿಗಳ ಹಾಗೆ ತಿರುಗುತ್ತಿದ್ದವು. ನಲವತ್ತು ಹುಡುಗಿಯರು ಚಪ್ಪಲಿ ಕಳಚಿ ಸಾಲಾಗಿ ನಿಂತಿದ್ದರು. ವೇಲಿನ ಪಿನ್ನು ತೆಗೆಸುವುದಕ್ಕೇ ಕರಾಟೆ ಮೇಡಂಗೆ ಐದು ನಿಮಿಷ ಹಿಡಿಯಿತು. “ಗುದ್ದೋಕೆ ಹೋಗಿ ನಿಮ್ಮ ಪಿನ್ನು ನಿಮಗೇ ಚುಚ್ಕೊಳ್ಳುತ್ತೆ, ತೆಗೀರೇ!”

“ಇಚಿ! ನಿ! ಸಾನ್!” ಜಪಾನಿನ ಎಣಿಕೆ ದುರ್ಗದ ಮಕ್ಕಳ ಬಾಯಲ್ಲಿ ಮಗ್ಗಿಯ ರಾಗ ಹಿಡಿದಿತ್ತು. ಕರಾಟೆಗೆ ಶಾಲೆಯ ಅಂಗಳ ಹೊಸದಲ್ಲ. ಗುಟ್ಟಾಗಿ ಕಲಿಸುತ್ತಿದ್ದ ಈ ವಿದ್ಯೆಯನ್ನು 1901ರ ಹೊತ್ತಿಗೆ ಓಕಿನಾವಾದ ಶಾಲೆಗಳಿಗೆ ತಂದವರು ಅಂಕೊ ಇತೊಸು. ಮಕ್ಕಳಿಗೆಂದೇ ಅವರು ಐದು ಕಟಾಗಳನ್ನು, ಅಂದರೆ ಚಲನೆಗಳ ನಿಗದಿತ ಸರಣಿಗಳನ್ನು, ಹೊಂದಿಸಿದರು. ಇಂದು ಹೆಯಾನ್ ಎಂದು ಕರೆಯುವುದು ಅವನ್ನೇ. ಶೋಟೊಕಾನ್ ಪದ್ಧತಿಯಲ್ಲಿ ಮೊದಲನೆಯ ಕಟಾದ ನಾಲ್ಕನೆಯ ಚಲನೆ ನೋಡಿ: ಹಿಡಿದವನ ಕೈಯಿಂದ ಮಣಿಕಟ್ಟನ್ನು ಕಿತ್ತುಕೊಂಡು, ಅದೇ ಮುಷ್ಟಿಯನ್ನು ಸುತ್ತಿಗೆಯಂತೆ ಬೀಸುವುದು. ಈ ಮೈದಾನದಲ್ಲಿ ಅಂದು ನಡೆದದ್ದು ಅಷ್ಟೇ ಪಾಠ.

ಮೇಡಂ ಎದುರಿನವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಎಲ್ಲರಿಗೂ ಕಾಣುವಂತೆ ಎತ್ತಿದರು. ನಾಲ್ಕು ಬೆರಳು ಒಂದು ಕಡೆಯಿಂದ, ಹೆಬ್ಬೆರಳು ಇನ್ನೊಂದು ಕಡೆಯಿಂದ. ಎರಡರ ತುದಿಗಳು ಸೇರುವ ಜಾಗ ತೋರಿಸಿ, “ಇಲ್ಲೊಂದು ಕಿಂಡಿ ಐತೆ, ನೋಡ್ರಿ. ಹಿಂದಕ್ಕೆ ಜಗ್ಗಬೇಡಿ. ಕೈ ತಿರುಗಿಸಿ, ಹೆಬ್ಬೆರಳ ಕಡೆಗೇ ಎಳೀರಿ.” ನಾಲ್ಕು ಬೆರಳ ಜತೆ ಸೆಣಸುವುದು ದಂಡ, ಒಂಟಿ ಹೆಬ್ಬೆರಳನ್ನು ಸೋಲಿಸುವುದು ಸಲೀಸು. ಎಂಟನೆಯ ತರಗತಿಯ ಕಡ್ಡಿಯಂಥ ಹುಡುಗಿ ಎರಡನೆಯ ಸಲಕ್ಕೇ ಬಿಡಿಸಿಕೊಂಡು, ತನ್ನ ಕೈಯನ್ನು ತಾನೇ ಅಚ್ಚರಿಯಿಂದ ನೋಡಿಕೊಂಡಳು. ಕೋಟೆಯ ಕಿಂಡಿಯಲ್ಲಿ ವೈರಿ ಒಳಗೆ ನುಗ್ಗಿದ. ಇಲ್ಲಿನ ಕಿಂಡಿ ಮಗು ಹೊರಗೆ ಬರಲು.

ಈ ಪಾಠಕ್ಕೆ ಮಕ್ಕಳು ಕಾಸು ಕೊಡಬೇಕಿಲ್ಲ. ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಗಳ 6ರಿಂದ 12ನೆಯ ತರಗತಿಯ ಹುಡುಗಿಯರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಮೂರು ತಿಂಗಳ ತರಬೇತಿ ಇದೆ. ಮೂರು ತಿಂಗಳು! ಭರತನಾಟ್ಯದಲ್ಲಾದರೆ ಅಡವು ಕೂಡ ಕೂತಿರುವುದಿಲ್ಲ. ಆಮೇಲೆ ಮೇಡಂ ಇನ್ನೊಂದು ಶಾಲೆಗೆ ಹೋಗುತ್ತಾರೆ, ಕಲಿತದ್ದು ಬೇಸಿಗೆ ರಜೆಯಲ್ಲಿ ಮರೆತು ಹೋಗುತ್ತದೆ.

ಹೊಂಗೆ ಮರದ ಕೆಳಗೆ ಹುಡುಗರು ಕೂತು ಕಿಸಿಕಿಸಿ ನಗುತ್ತಿದ್ದರು. ಅವರಿಗೆ ಈ ಪಾಠ ಇಲ್ಲ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ಮಕ್ಕಳನ್ನು ಕೇಳಿದಾಗ, ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಆಗಿದೆ ಎಂದವರು ನೂರಕ್ಕೆ 53 ಮಂದಿ. ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಹುಡುಗರೇ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯೂ ಗಂಡು ಹೆಣ್ಣೆಂದು ನೋಡುವುದಿಲ್ಲ. ಹೊಂಗೆ ಮರದ ಕೆಳಗಿನವರನ್ನು ಯಾಕೆ ಎಬ್ಬಿಸಬಾರದು ಎಂದು ಪಿ.ಟಿ. ಮೇಷ್ಟ್ರನ್ನು ಕೇಳಿದೆ. “ಅವರಿಗೇನ್ರೀ ಆಗುತ್ತೆ?” ಎಂದು ಸೀಟಿ ಊದಿದರು.

ಅದೇ ಅಧ್ಯಯನದ ಇನ್ನೊಂದು ಮಾತು: ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು ಇಲ್ಲವೇ ನಂಬಿಕೆಯ ಸ್ಥಾನದಲ್ಲಿದ್ದವರು. ಅಂದರೆ ಮಾವ, ಪಕ್ಕದ ಮನೆಯ ಅಣ್ಣ, ಟ್ಯೂಷನ್ ಮೇಷ್ಟ್ರು. ನಾವು ಮಕ್ಕಳಿಗೆ ‘ಬನ್ನಿ, ಹೋಗಿ’ ಕಲಿಸಿರುವುದು ಇವರಿಗಾಗಿಯೇ. ಮೇಡಂಗೆ ಇದು ಚೆನ್ನಾಗಿ ಗೊತ್ತಿತ್ತು. ಕೊನೆಗೆ ನನ್ನನ್ನು ಕರೆದರು. “ಸರ್, ಇವಳ ಕೈ ಹಿಡ್ಕೊಳ್ಳಿ. ಮೆಲ್ಲಗಲ್ಲ, ಬಿಗಿಯಾಗಿ.”

ಹಿಡಿದೆ. ಹುಡುಗಿ ಕೈಯನ್ನೇನೋ ಸರಿಯಾಗಿಯೇ ತಿರುಗಿಸಿದಳು, ಆದರೆ ದನಿ ಗಂಟಲಲ್ಲೇ ಉಳಿಯಿತು: “ಬಿಡಿ ಸರ್.”

“ಸರ್ ಅನ್ನಬಾರದು,” ಎಂದರು ಮೇಡಂ. “ಅರ್ಜಿ ಕೊಡ್ತಿದೀಯೇನೇ? ‘ಬಿಡೋ’ ಅನ್ನು.”

ಇಡೀ ಸಾಲು ನಕ್ಕಿತು. ಹುಡುಗಿ ನನ್ನ ನರೆತ ಗಡ್ಡ ನೋಡಿ ತಲೆ ತಗ್ಗಿಸಿದಳು. ಎರಡನೆಯ ಸಲ “ಬಿಡಿ” ಅಷ್ಟೇ; ಸರ್ ಹೋಗಿತ್ತು, ಬಹುವಚನ ಬಿಟ್ಟಿರಲಿಲ್ಲ. ಹೆಬ್ಬೆರಳಿನಿಂದ ಕೈ ಬಿಡಿಸಿಕೊಳ್ಳಲು ಹತ್ತು ನಿಮಿಷ ಸಾಕಾಗಿದ್ದವಳಿಗೆ ಈ ಒಂದು ಅಕ್ಷರ ಬಲು ಭಾರವಾಗಿತ್ತು. ಮೇಡಂ ಅವಸರ ಮಾಡಲಿಲ್ಲ. ಹಿಡಿದ ಕೈ ಹಿಡಿದಂತೆಯೇ ನಾನೂ ನಿಂತಿದ್ದೆ. ಅವಳ ಮಣಿಕಟ್ಟಿನ ನಾಡಿ ನನ್ನ ಬೆರಳಿಗೆ ಹೊಡೆದುಕೊಳ್ಳುತ್ತಿತ್ತು.

“ಬಿಡೋ!”

ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದ ಅಡುಗೆಯಮ್ಮ ತಿರುಗಿ ನೋಡಿದರು. ಹೊಂಗೆ ಮರದ ಕೆಳಗೆ ನಗು ನಿಂತಿತು. ನನ್ನ ಹೆಬ್ಬೆರಳು ಚುರುಗುಟ್ಟುತ್ತಿತ್ತು, ಅವಳ ಕೈ ಆಗಲೇ ಮುಷ್ಟಿಯಾಗಿ ಮೇಲೆದ್ದಿತ್ತು.

ಮರುಗಳಿಗೆಯಲ್ಲೇ ಕೈ ಇಳಿಸಿ, “ಸಾರಿ ಸರ್,” ಎಂದಳು.

“ಅದನ್ನೂ ಹೇಳಬಾರದು,” ಎಂದರು ಮೇಡಂ. “ಇನ್ನೊಂದು ಸಲ.”