ಕ್ಯಾಸನೂರು ಕಾಡಿನ ಕಾಯಿಲೆಯೂ ಅದರ ಎಣಿಕೆಯೂ

ಸೊರಬ ತಾಲ್ಲೂಕಿನ ಕ್ಯಾಸನೂರು ಎಂಬ ಹೆಸರು ಇಂದು ಜಗತ್ತಿನ ವೈದ್ಯಗ್ರಂಥಗಳಲ್ಲಿ ಸೇರಿಹೋಗಿದೆ. 1957ರ ಮಾರ್ಚ್ ತಿಂಗಳಲ್ಲಿ ಅಲ್ಲಿಯ ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತುಬಿದ್ದುವು. ಸುತ್ತಲಿನ ಹಳ್ಳಿಗರೂ ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಈ ಎರಡು ಸಂಗತಿಗಳನ್ನು ಕೂಡಿಸಿ ನೋಡಿದುದರಿಂದಲೇ ಹೊಸ ರೋಗವೊಂದು ಬೆಳಕಿಗೆ ಬಂದಿತು. ಏಷ್ಯದಲ್ಲಿ ಕಾಣದ ಹಳದಿ ಜ್ವರವೇ ಬಂದಿತೋ ಎಂಬ ಶಂಕೆಯಿಂದ ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಪರೀಕ್ಷೆಗೆ ತೊಡಗಿದರು. ದೊರೆತ ವೈರಾಣು ರಷ್ಯದ ಒಂದು ಮಿದುಳುಜ್ವರದ ವೈರಾಣುವಿಗೆ ಹತ್ತಿರದ ಬಂಧುವಾಗಿದ್ದಿತು. ಕಾಡಿನ ಉಣುಗು ಅದರ ವಾಹಕ. ಜನರು ಇದನ್ನು ‘ಮಂಗನ ಕಾಯಿಲೆ’ ಎಂದು ಕರೆದರು. ನೆರೆಯ ಸಾಗರ, ಶಿಕಾರಿಪುರ ತಾಲ್ಲೂಕುಗಳೂ ಇದರ ಬಾಧೆಯನ್ನು ಕಂಡಿವೆ.

ಈ ರೋಗದಲ್ಲಿ ಮೊದಲು ಜ್ವರ, ತಲೆನೋವು, ಮೈಕೈನೋವು ಕಾಣುತ್ತವೆ. ಕೆಲವರಲ್ಲಿ ಜ್ವರ ಇಳಿದು ಒಂದೆರಡು ವಾರಗಳಾದ ಮೇಲೆ ಮರುಕಳಿಸಿ, ಕತ್ತಿನ ಬಿಗಿತ, ನಡುಕ, ಬುದ್ಧಿಭ್ರಮೆಗಳು ತೋರುತ್ತವೆ. ಮೇಲ್ನೋಟಕ್ಕೆ ಇದು ಬ್ಯಾಕ್ಟೀರಿಯಾದಿಂದುಂಟಾಗುವ ಮಿದುಳುಪೊರೆಯ ಉರಿಯೂತದಂತೆಯೇ ಇರುತ್ತದೆ. ಆದರೆ ಆ ಉರಿಯೂತಕ್ಕೆ ಸಕಾಲದಲ್ಲಿ ಪ್ರತಿಜೀವಕ ಔಷಧ ಕೊಟ್ಟರೆ ಪ್ರಾಣ ಉಳಿಯಬಹುದು. ಮಂಗನ ಕಾಯಿಲೆಗಾದರೋ ನಿರ್ದಿಷ್ಟ ಔಷಧವಿಲ್ಲ, ಶುಶ್ರೂಷೆಯೇ ಆಧಾರ. ರಕ್ತವನ್ನೂ ಬೆನ್ನುಹುರಿಯ ದ್ರವವನ್ನೂ ಪರೀಕ್ಷಿಸಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸದಿದ್ದರೆ ಚಿಕಿತ್ಸೆಯೂ ತಪ್ಪುತ್ತದೆ, ಲೆಕ್ಕವೂ ತಪ್ಪುತ್ತದೆ.

ರೋಗದ ಲೆಕ್ಕವೆಂದರೆ ರೋಗಿಗಳ ಸಂಖ್ಯೆಯಷ್ಟೇ ಅಲ್ಲ. ಯಾವ ಊರು, ಯಾವ ದಿನ, ಯಾವ ವಯಸ್ಸು, ಪರೀಕ್ಷೆಯಿಂದ ದೃಢಪಟ್ಟಿತೇ ಎಂಬುದನ್ನು ಬರೆದು, ಆ ಪ್ರದೇಶದ ಜನಸಂಖ್ಯೆಯೊಡನೆ ಹೋಲಿಸಿದಾಗ ಮಾತ್ರ ರೋಗ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ. ಆಸ್ಪತ್ರೆಗೆ ಬಾರದೆ ಮನೆಯಲ್ಲೇ ನರಳಿದವನು ಈ ಲೆಕ್ಕದಿಂದ ಹೊರಗುಳಿಯುತ್ತಾನೆ.

ಮಂಗನ ಕಾಯಿಲೆಯಲ್ಲಿ ಇನ್ನೊಂದು ವಿಶೇಷವುಂಟು. ಮನುಷ್ಯನಿಗೆ ಜ್ವರ ಬರುವ ಮುನ್ನವೇ ಅನೇಕ ವೇಳೆ ಸತ್ತ ಮಂಗವೇ ಮುನ್ಸೂಚನೆ ಕೊಡುತ್ತದೆ. ಅದರ ಮೈಯಿಂದ ಇಳಿದ ಉಣುಗುಗಳು ಸುತ್ತಲ ನೆಲದಲ್ಲಿ ಹರಡುತ್ತವೆ. ಸುದ್ದಿ ಆ ದಿನವೇ ಆರೋಗ್ಯ ಕೇಂದ್ರಕ್ಕೆ ಮುಟ್ಟಿದರೆ ಅಲ್ಲಿ ಕೀಟನಾಶಕ ಚೆಲ್ಲಬಹುದು, ದರಕು ಸೌದೆಗಳಿಗೆ ಹೋಗುವವರನ್ನು ತಡೆಯಬಹುದು. ಡಿಸೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ ಈ ಎಚ್ಚರ ಅತ್ಯವಶ್ಯ. ಸತ್ತ ಮಂಗವನ್ನು ಮಾತ್ರ ಯಾರೂ ಮುಟ್ಟಬಾರದು.

ಒಂದು ಕಾಲಕ್ಕೆ ಈ ಸೀಮೆಯದೆಂದೇ ತಿಳಿದಿದ್ದ ರೋಗ 2012ರಲ್ಲಿ ಬಂಡೀಪುರದಲ್ಲಿಯೂ, ಅನಂತರ ಕೇರಳ, ಗೋವಾ, ಮಹಾರಾಷ್ಟ್ರಗಳಲ್ಲಿಯೂ ಕಂಡುಬಂದಿತು. ಪ್ರಯೋಗಶಾಲೆಗಳು ಬೆಳೆದಿವೆ, ಪರೀಕ್ಷೆಗಳು ಶೀಘ್ರವಾಗಿವೆ. ಆದರೂ ಎಣಿಕೆಯ ಮೊದಲ ಅಂಕಿ ಹುಟ್ಟುವುದು ಹಳ್ಳಿಯಲ್ಲಿಯೇ. ಕಾಡಂಚಿನ ಶಾಲೆಯ ಬಾಲಕನೊಬ್ಬ ಕಂಡುದನ್ನು ಗುರುಗಳಿಗೆ ತಿಳಿಸಿ, ಗುರುಗಳು ಅದನ್ನು ಆರೋಗ್ಯ ಕೇಂದ್ರಕ್ಕೆ ಮುಟ್ಟಿಸಿದರೆ, ಅದೂ ಒಂದು ಜೀವವನ್ನು ಉಳಿಸುವ ವಿದ್ಯೆಯೇ ಸರಿ.