ನೆಲದಿಂದ ಒಂದು ಗೇಣು ಮೇಲೆ

ವ್ಯವಸಾಯ ವಿಜ್ಞಾನಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಸಾಮಾನ್ಯವಾಗಿ ಎರಡೇ: ಹೊಸ ತಳಿಯ ತೆನೆಯನ್ನು ಪರೀಕ್ಷಿಸುತ್ತಿರುವ ಸಸ್ಯವಿಜ್ಞಾನಿ, ಇಲ್ಲವೆ ಗೊಬ್ಬರದ ಗುಣವನ್ನು ಅಳೆಯುತ್ತಿರುವ ರಸಾಯನವಿಜ್ಞಾನಿ. "ಭೌತವಿಜ್ಞಾನವನ್ನು ಓದಿದವನಿಗೆ ಹೊಲದಲ್ಲಿ ಏನು ಕೆಲಸ?" ಎಂದು ಪದವಿ ತರಗತಿಯ ವಿದ್ಯಾರ್ಥಿಯೊಬ್ಬ ಇತ್ತೀಚೆಗೆ ನನ್ನನ್ನು ಕೇಳಿದ. ಅವನ ತಂದೆ ಬೇಸಾಯಗಾರರು. ತಾನು ಆರಿಸಿಕೊಂಡ ವಿಷಯ ಮನೆಯ ಕಸುಬಿಗೆ ಯಾವ ಪ್ರಯೋಜನಕ್ಕೂ ಬಾರದೆಂಬ ಕೊರಗು ಆ ಪ್ರಶ್ನೆಯಲ್ಲಿತ್ತು. ಅವನಿಗೆ ಹೇಳಿದ ಉತ್ತರವನ್ನೇ ಇಲ್ಲಿ ತುಸು ವಿಸ್ತರಿಸಿ ಬರೆದಿದ್ದೇನೆ.

ಎಲ್. ಎ. ರಾಮದಾಸರು ಹುಟ್ಟಿದ್ದು 1900ರಲ್ಲಿ, ಪಾಲಕ್ಕಾಡಿನಲ್ಲಿ. ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿ ಬೆಳಕಿನ ಚದರಿಕೆಯನ್ನು ಅಭ್ಯಾಸಮಾಡಿದ ಅವರು 1926ರಲ್ಲಿ ಭಾರತದ ಹವಾಮಾನ ಇಲಾಖೆಯನ್ನು ಸೇರಿದರು. 1932ರಲ್ಲಿ ಪುಣೆಯಲ್ಲಿ ವ್ಯವಸಾಯ ಹವಾಮಾನ ಶಾಖೆ ಪ್ರಾರಂಭವಾದಾಗ ಅದರ ಹೊಣೆ ಅವರ ಪಾಲಿಗೆ ಬಂದಿತು. ಪುಣೆಯ ಎರೆ ಭೂಮಿಯೇ ಅವರ ಪ್ರಯೋಗಶಾಲೆಯಾಯಿತು. ಕಪ್ಪು ಮಣ್ಣಿನ ಮೇಲೆ ಬಿಳಿಯ ಪುಡಿಯನ್ನು ತೆಳುವಾಗಿ ಉದುರಿಸಿದರೆ ಬಿಸಿಲು ಪ್ರತಿಫಲಿತವಾಗಿ ಮಣ್ಣಿನ ಉಷ್ಣತೆ ಗಣನೀಯವಾಗಿ ಇಳಿಯುತ್ತದೆಂಬುದನ್ನು ಅವರೂ ಅವರ ಸಹೋದ್ಯೋಗಿಗಳೂ ಅಳೆದು ತೋರಿಸಿದರು. ಬೆಳಕಿನ ಪಾಠ ಹೀಗೆ ಹೊಲಕ್ಕೆ ಇಳಿದು ಬಂದಿತು.

ಆದರೆ ಅವರ ಹೆಸರು ಉಳಿದಿರುವುದು ರಾತ್ರಿಯ ವೇಳೆ ಕಂಡ ಒಂದು ಸಂಗತಿಯಿಂದ. ಹಗಲು ಕಾದ ನೆಲ ಇರುಳಿನಲ್ಲಿ ಏಕೆ ತಣ್ಣಗಾಗುತ್ತದೆ? ಪ್ರತಿಯೊಂದು ವಸ್ತುವೂ ತನ್ನ ಉಷ್ಣತೆಗೆ ತಕ್ಕಂತೆ ವಿಕಿರಣವನ್ನು ಸೂಸುತ್ತದೆ. ಸ್ಟೆಫಾನನ ನಿಯಮದಂತೆ ಲೆಕ್ಕ ಹಾಕಿದರೆ, 27 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಕೃಷ್ಣಕಾಯವು ಪ್ರತಿ ಚದರ ಮೀಟರಿನಿಂದ ಸುಮಾರು 460 ವಾಟ್ ಶಕ್ತಿಯನ್ನು ಹೊರಸೂಸುತ್ತದೆ. ನೆಲವೂ ಹೆಚ್ಚುಕಡಿಮೆ ಹಾಗೆಯೇ. ಮೋಡವಿಲ್ಲದ ರಾತ್ರಿಯಲ್ಲಿ ಆಕಾಶದಿಂದ ಹಿಂತಿರುಗಿ ಬರುವ ವಿಕಿರಣ ಇದಕ್ಕಿಂತ ಕಡಿಮೆ. ಆದುದರಿಂದ ನೆಲಕ್ಕೆ ನಷ್ಟವೇ ಹೆಚ್ಚು. ನೆಲ ತಣಿದಂತೆ ಅದನ್ನು ಸೋಂಕಿದ ಗಾಳಿಯೂ ತಣಿಯುತ್ತದೆ. ಹಾಗಾದರೆ ಅತ್ಯಂತ ತಂಪಾದ ಗಾಳಿ ನೆಲಕ್ಕೆ ತಾಗಿಯೇ ಇರಬೇಕು. ಮೇಲೇರಿದಷ್ಟೂ ಉಷ್ಣತೆ ಹೆಚ್ಚಬೇಕು. ಪುಸ್ತಕಗಳು ಹೇಳುತ್ತಿದ್ದುದೂ ಇದನ್ನೇ.

1932ರಲ್ಲಿ ರಾಮದಾಸ್ ಮತ್ತು ಆತ್ಮನಾಥನ್ ಪ್ರಕಟಿಸಿದ ಅಳತೆಗಳು ಬೇರೊಂದನ್ನು ಹೇಳಿದವು. ಗಾಳಿ ಬೀಸದ, ಆಕಾಶ ನಿರ್ಮಲವಾದ ರಾತ್ರಿಗಳಲ್ಲಿ ಬಯಲು ನೆಲದ ಮೇಲೆ ಅತ್ಯಂತ ಕಡಿಮೆ ಉಷ್ಣತೆ ಇರುವುದು ನೆಲದಲ್ಲಲ್ಲ. ಅದರಿಂದ ಒಂದು ಗೇಣಿನಿಂದ ಒಂದು ಮೊಳದಷ್ಟು ಎತ್ತರದಲ್ಲಿ. ಕೆಲವೊಮ್ಮೆ ಅಲ್ಲಿನ ಗಾಳಿ ನೆಲಕ್ಕಿಂತ ಹಲವು ಡಿಗ್ರಿ ತಂಪಾಗಿರುತ್ತದೆ.

ಇದನ್ನು ಒಪ್ಪುವುದು ಸುಲಭವಾಗಿರಲಿಲ್ಲ. ತಂಪಾದ ಗಾಳಿ ಭಾರವಾದುದು, ಬೆಚ್ಚಗಿನ ಗಾಳಿ ಹಗುರವಾದುದು. ಭಾರವಾದುದು ಮೇಲೆ, ಹಗುರವಾದುದು ಕೆಳಗೆ ಇದ್ದರೆ ಎರಡೂ ಬೆರೆತು ವ್ಯತ್ಯಾಸ ಅಳಿಸಿಹೋಗಬೇಡವೆ? ಉಷ್ಣತಾಮಾಪಕವೇ ಆಕಾಶಕ್ಕೆ ವಿಕಿರಣವನ್ನು ಸೂಸಿ ತಣಿದಿರಬಹುದೆಂದು ಕೆಲವರು ಸಂಶಯಪಟ್ಟರು. ಬೇರೆಡೆಯಿಂದ ತಂಪು ಗಾಳಿ ಹರಿದು ಬಂದಿರಬಹುದೆಂದರು ಇನ್ನು ಕೆಲವರು. ಇವು ನ್ಯಾಯವಾದ ಆಕ್ಷೇಪಗಳೇ. ಆದರೆ 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಲೇಕ್ ಎಂಬುವರೂ, ಪುಣೆಯಲ್ಲಿಯೇ ಜರ್ಮನಿಯ ರಾಷ್ಕೆ ಎಂಬುವರೂ ಎಚ್ಚರಿಕೆಯಿಂದ ಮತ್ತೆ ಅಳೆದಾಗ ಅದೇ ಫಲ ದೊರೆಯಿತು.

ಕಾರಣ ತಿಳಿಯಲು ಇನ್ನೂ ಕಾಲ ಹಿಡಿಯಿತು. 1993ರಲ್ಲಿ ಬೆಂಗಳೂರಿನ ವಾಸುದೇವಮೂರ್ತಿ, ಜೆ. ಶ್ರೀನಿವಾಸನ್ ಮತ್ತು ರೊದ್ದಂ ನರಸಿಂಹ ಅವರು ನೆಲ ಪೂರ್ಣ ಕೃಷ್ಣಕಾಯವಲ್ಲವೆಂಬುದನ್ನು ಗಮನಿಸಿ ಒಂದು ಸಿದ್ಧಾಂತವನ್ನು ಮುಂದಿಟ್ಟರು. ಸುಮಾರು ಇಪ್ಪತ್ತು ವರ್ಷಗಳ ಅನಂತರ, ಅದೇ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸಂಶೋಧಕರು, ಪ್ರತಿಫಲಿತ ವಿಕಿರಣವನ್ನು ಆ ಗಣನೆ ಪರಿಗಣಿಸಿದ ರೀತಿಯಲ್ಲಿ ದೋಷವಿದೆಯೆಂದು ತೋರಿಸಿ ಬೇರೊಂದು ಕಾರಣವನ್ನು ಸೂಚಿಸಿದರು. ನೆಲದ ಹತ್ತಿರದ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳು ಹೆಚ್ಚು. ಈ ಕಣಗಳು ಆಕಾಶಕ್ಕೆ ವಿಕಿರಣವನ್ನು ಸೂಸಿ ತಣಿಯುತ್ತವೆ, ತಮ್ಮ ಸುತ್ತಣ ಗಾಳಿಯನ್ನೂ ತಣಿಸುತ್ತವೆ. ನೆಲಕ್ಕಾದರೋ ಒಳಗಿನಿಂದ ಹಗಲಿನ ಶಾಖದ ಪೂರೈಕೆಯುಂಟು. ಗಾಳಿಗೆ ಅಂತಹ ಆಸರೆಯಿಲ್ಲ. ಬೆರಕೆಯಿಂದ ಅಳಿಸಿಹೋಗುವುದಕ್ಕಿಂತ ವೇಗವಾಗಿ ತಂಪು ಉಂಟಾದರೆ ಆ ಪದರ ಉಳಿಯುತ್ತದೆ.

ಇದರಿಂದ ರೈತನಿಗೇನು? ಹವಾಮಾನ ಕೇಂದ್ರಗಳ ಉಷ್ಣತಾಮಾಪಕ ನೆರಳಿನ ಪೆಟ್ಟಿಗೆಯಲ್ಲಿ ಸುಮಾರು ನಾಲ್ಕು ಅಡಿ ಎತ್ತರದಲ್ಲಿರುತ್ತದೆ. ಎಳೆಯ ಸಸಿಯ ಕುಡಿ ಇರುವುದು ಗೇಣೆತ್ತರದಲ್ಲಿ. ಉತ್ತರ ಭಾರತದ ಚಳಿಗಾಲದಲ್ಲಿ ಪೆಟ್ಟಿಗೆಯೊಳಗಿನ ಪಾದರಸ ಸೊನ್ನೆಗಿಂತ ಮೇಲಿದ್ದರೂ ಸಸಿಯ ಮೇಲಿನ ಇಬ್ಬನಿ ಹೆಪ್ಪುಗಟ್ಟಬಹುದು. ಆ ಕೆಲವು ಡಿಗ್ರಿಗಳ ಅಂತರದಲ್ಲಿ ಒಂದು ಕುಟುಂಬದ ವರ್ಷದ ಅನ್ನ ಅಡಗಿರುತ್ತದೆ.

ರಾಮದಾಸರು ಒಬ್ಬಂಟಿ ಉದಾಹರಣೆಯಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ವ್ಯವಸಾಯ ಕೇಂದ್ರದಲ್ಲಿದ್ದ ಹೋವರ್ಡ್ ಪೆನ್‌ಮನ್ ಕೂಡ ಭೌತವಿಜ್ಞಾನಿಯೇ. ಬಿಸಿಲು, ಉಷ್ಣತೆ, ತೇವ, ಗಾಳಿಯ ವೇಗ ಇವುಗಳಿಂದ ನೀರು ಆವಿಯಾಗುವ ಪ್ರಮಾಣವನ್ನು ಲೆಕ್ಕಹಾಕುವ ಸೂತ್ರವನ್ನು ಅವರು 1948ರಲ್ಲಿ ಕೊಟ್ಟರು. ಮುಂದೆ ಮಾಂಟೀತ್ ಅದನ್ನು ಪರಿಷ್ಕರಿಸಿದರು. ಬೆಳೆಗೆ ಎಷ್ಟು ನೀರು ಬೇಕೆಂದು ನಿರ್ಧರಿಸಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಶಿಫಾರಸು ಮಾಡಿದ ಪದ್ಧತಿಗೆ ಈ ಇಬ್ಬರ ಸೂತ್ರವೇ ಆಧಾರ. ನೀರಿಗಾಗಿ ಕಾಲುವೆಯ ಕೊನೆಯಲ್ಲಿ ಕಾದು ಕುಳಿತ ರೈತನಿಗೆ ಈ ಲೆಕ್ಕ ಎಷ್ಟು ಮುಖ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹವಾಮಾನ, ಮಣ್ಣಿನ ಭೌತಗುಣ, ನೀರಾವರಿ, ಪರಿಸರ ವಿಕಿರಣ: ಈ ಎಲ್ಲ ಕ್ಷೇತ್ರಗಳಲ್ಲೂ ಭೌತವಿಜ್ಞಾನದ ವಿದ್ಯಾರ್ಥಿಗೆ ಕೆಲಸವಿದೆ. ಬೇಕಾದುದು ಎರಡು ಗುಣ: ಅಳತೆಯನ್ನು ಕಟ್ಟುನಿಟ್ಟಾಗಿ ಪರೀಕ್ಷಿಸುವ ಶಿಸ್ತು, ಪರೀಕ್ಷೆಯಲ್ಲಿ ಗೆದ್ದ ಅಳತೆಯನ್ನು, ಪುಸ್ತಕ ಒಪ್ಪದಿದ್ದರೂ, ಕೈಬಿಡದ ಧೈರ್ಯ.

ನನ್ನ ವಿದ್ಯಾರ್ಥಿಗೆ ನಾನು ಕೊನೆಯಲ್ಲಿ ಹೇಳಿದ್ದಿಷ್ಟು: ಮುಂದಿನ ಮಾಗಿಯಲ್ಲಿ ಗಾಳಿಯಿಲ್ಲದ, ಮೋಡವಿಲ್ಲದ ಒಂದು ರಾತ್ರಿ ತಂದೆಯವರ ಹೊಲಕ್ಕೆ ಹೋಗು. ಒಂದು ಕೋಲಿಗೆ ಮೂರು ಉಷ್ಣತಾಮಾಪಕಗಳನ್ನು ಕಟ್ಟು: ಒಂದು ನೆಲಕ್ಕೆ ತಾಗುವಂತೆ, ಒಂದು ಗೇಣೆತ್ತರದಲ್ಲಿ, ಒಂದು ನಾಲ್ಕು ಅಡಿಯಲ್ಲಿ. ಗಂಟೆಗೊಮ್ಮೆ ನೋಡಿ ಬರೆದಿಡು. ಯಾವುದು ಅತಿ ಕಡಿಮೆ ತೋರಿಸಿದರೂ ಮೊದಲು ಉಪಕರಣವನ್ನು ಸಂಶಯಿಸು, ಆಮೇಲೆ ನಿನ್ನನ್ನು, ಕೊನೆಯಲ್ಲಿ ಪುಸ್ತಕವನ್ನು. ತಂದೆಯವರನ್ನೂ ಜೊತೆಗೆ ಕರೆದುಕೊಂಡು ಹೋಗು. ಆ ನೆಲದ ರಾತ್ರಿಗಳು ನಮ್ಮಿಬ್ಬರಿಗಿಂತ ಅವರಿಗೆ ಹೆಚ್ಚು ಪರಿಚಿತ.